ಗ್ರೇಸ್ ಹಾಪರ್: ಕೊಟ್ಟು ಬೆಳೆಸಿದ ವಿದ್ಯೆ

ಧನವು ವೆಚ್ಚಮಾಡಿದಷ್ಟೂ ಸವೆಯುತ್ತದೆ, ವಿದ್ಯೆಯು ಕೊಟ್ಟಷ್ಟೂ ಬೆಳೆಯುತ್ತದೆ ಎಂಬುದು ನಮ್ಮವರ ಹಳೆಯ ನಂಬಿಕೆ. ವೇತನ ಪಡೆದು ಪಾಠ ಹೇಳುವವನನ್ನು ಭೃತಕಾಧ್ಯಾಪಕನೆಂದು ಕರೆದು ಸ್ಮೃತಿಕಾರರು ಕೀಳಾಗಿ ಕಂಡದ್ದೂ ಉಂಟು. ತಿಂಗಳ ಸಂಬಳಕ್ಕೆ ಕಾಲೇಜಿನಲ್ಲಿ ಕನ್ನಡ ಕಲಿಸುವ ನನ್ನಂಥವರು ಆ ನಿಂದೆಗೆ ತಲೆಬಾಗಬೇಕಾದವರೇ ಸರಿ. ವಿದ್ಯೆಯನ್ನು ಹಂಚಬೇಕು, ವಿದ್ಯಾವಂತನ ಹೊಟ್ಟೆಯೂ ತುಂಬಬೇಕು. ಇವೆರಡನ್ನೂ ಹೊಂದಿಸುವುದು ಹೇಗೆಂಬ ಪ್ರಶ್ನೆ ಹೊಸದಲ್ಲ. ಗಣಕಯಂತ್ರದ ಲೋಕದಲ್ಲಿ ಇದೇ ಪ್ರಶ್ನೆ ಬೇರೊಂದು ವೇಷ ತೊಟ್ಟು ನಿಂತಿದೆ. ಕಂಪ್ಯೂಟರಿಗೆ ಕೆಲಸ ಹೇಳುವ ಆದೇಶಗಳ ಸರಣಿಗೆ ಪ್ರೋಗ್ರಾಮೆಂದು ಹೆಸರು. ಕನ್ನಡದಲ್ಲಿ ಅದನ್ನು ಕ್ರಮವಿಧಿಯೆನ್ನುತ್ತೇವೆ. ಮನುಷ್ಯನು ಓದಿ ತಿದ್ದಬಲ್ಲ ಅದರ ಮೂಲಪಾಠವನ್ನು ಎಲ್ಲರಿಗೂ ತೆರೆದಿಡಬೇಕೆ, ಮುಚ್ಚಿಟ್ಟು ಮಾರಬೇಕೆ ಎಂಬ ವಾದ ಅರ್ಧಶತಮಾನದಿಂದ ನಡೆದುಬಂದಿದೆ. ಆ ವಾದ ಕಾವೇರುವುದಕ್ಕೆ ಬಹಳ ಮುಂಚೆಯೇ, ವಾದಕ್ಕಿಳಿಯದೆ, ತಮ್ಮ ದುಡಿಮೆಯಿಂದಲೇ ಅದಕ್ಕೊಂದು ಉತ್ತರವನ್ನಿತ್ತ ಮಹಿಳೆಯೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಗ್ರೇಸ್ ಬ್ರೂಸ್ಟರ್ ಮರ್ರೇ ಹುಟ್ಟಿದ್ದು ೧೯೦೬ರ ಡಿಸೆಂಬರ್ ೯ರಂದು, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದ ಬಾಲೆಯಾಗಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯುವ ಹಂಬಲದಿಂದ ಮನೆಯಲ್ಲಿದ್ದ ಏಳು ಗಡಿಯಾರಗಳನ್ನೂ ಒಂದಾದಮೇಲೊಂದು ಬಿಚ್ಚಿಹಾಕಿದರಂತೆ. ತಾಯಿ ಗದರಿಸಿ ಸುಮ್ಮನಾಗಿಸಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರದಲ್ಲಿ ಕೈಯಾಡಿಸಬಹುದೆಂದು ಮಿತಿ ಹಾಕಿದರು. ಒಳಗಿರುವುದನ್ನು ತೆರೆದು ನೋಡುವ ಈ ಬುದ್ಧಿ ಕೊನೆಯವರೆಗೂ ಆಕೆಯನ್ನು ಬಿಡಲಿಲ್ಲ. ವಾಸರ್ ಕಾಲೇಜಿನಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಓದಿ ೧೯೨೮ರಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ೧೯೩೦ರಲ್ಲಿ ಎಂ.ಎ., ೧೯೩೪ರಲ್ಲಿ ಗಣಿತದ ಡಾಕ್ಟರೇಟ್ ಮುಗಿಸಿದರು. ೧೯೩೦ರಲ್ಲಿ ವಿನ್ಸೆಂಟ್ ಹಾಪರ್ ಎಂಬ ಇಂಗ್ಲಿಷ್ ಅಧ್ಯಾಪಕರನ್ನು ವಿವಾಹವಾದರು. ಆ ದಾಂಪತ್ಯ ೧೯೪೫ರಲ್ಲಿ ಮುರಿದರೂ ಹಾಪರ್ ಎಂಬ ಹೆಸರು ಉಳಿಯಿತು. ೧೯೩೧ರಿಂದ ತಾವು ಓದಿದ ವಾಸರಿನಲ್ಲಿಯೇ ಗಣಿತ ಕಲಿಸುತ್ತಿದ್ದರು. ಆಕೆ ಮೊದಲಿಗೆ ಅಧ್ಯಾಪಕಿ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಮುಂದಿನ ಕತೆಯ ಬೇರು ಇಲ್ಲಿಯೇ ಇದೆ.

ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಧುಮುಕಿದಾಗ ಹಾಪರ್ ನೌಕಾಪಡೆಯನ್ನು ಸೇರಲು ಹೊರಟರು. ವಯಸ್ಸು ಮೀರಿತ್ತು, ದೇಹದ ತೂಕ ನಿಯಮಕ್ಕಿಂತ ೧೫ ಪೌಂಡು ಕಡಿಮೆ. ಆದರೂ ಪಟ್ಟುಹಿಡಿದು ವಿನಾಯಿತಿ ಪಡೆದು ೧೯೪೩ರ ಡಿಸೆಂಬರಿನಲ್ಲಿ ಸೇರಿದರು. ಮರುವರ್ಷದ ಜುಲೈ ತಿಂಗಳಲ್ಲಿ ಅವರನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ, ಹೊವರ್ಡ್ ಐಕನ್ ಅವರ ಕೈಕೆಳಗೆ ಕಳುಹಿಸಲಾಯಿತು. ಅಲ್ಲಿ ೫೧ ಅಡಿ ಉದ್ದ, ೮ ಅಡಿ ಎತ್ತರದ ಮಾರ್ಕ್ ೧ ಎಂಬ ಮಹಾಯಂತ್ರವಿತ್ತು. ಕಾಗದದ ಪಟ್ಟಿಯಲ್ಲಿ ಕೊರೆದ ತೂತುಗಳೇ ಅದಕ್ಕೆ ಆದೇಶ. ಯುದ್ಧಕಾರ್ಯವಾದ್ದರಿಂದ ಅಲ್ಲಿಯ ಲೆಕ್ಕಗಳೆಲ್ಲ ಗುಟ್ಟು. ಆದರೆ ಯಂತ್ರವನ್ನು ನಡೆಸುವ ವಿದ್ಯೆಯನ್ನು ಯುದ್ಧ ಮುಗಿದಮೇಲೂ ಗುಟ್ಟಾಗಿಡಲಿಲ್ಲ. ಐಕನ್ ಅವರ ಆಜ್ಞೆಯಂತೆ ಹಾಪರ್ ಆ ಯಂತ್ರದ ಕೈಪಿಡಿಯನ್ನು ಬರೆಯಲು ಕೂತರು. ೧೯೪೬ರಲ್ಲಿ ಪ್ರಕಟವಾದ, ೫೦೦ ಪುಟಗಳನ್ನು ಮೀರಿದ ಆ ಗ್ರಂಥದಲ್ಲಿ ಯಂತ್ರದ ರಚನೆ, ಆದೇಶ ಬರೆಯುವ ಬಗೆ, ಮಾದರಿ ಲೆಕ್ಕಗಳು ಎಲ್ಲವೂ ಓದಬಯಸಿದವರ ಮುಂದೆ ತೆರೆದುಕೊಂಡವು.

ಇಲ್ಲಿ ಒಂದು ಜನಪ್ರಿಯ ಕತೆಯನ್ನು ತಿದ್ದುವುದು ಉಚಿತ. ಕ್ರಮವಿಧಿಯ ದೋಷಕ್ಕೆ ಕೀಟವೆಂಬ ಅರ್ಥದ ಬಗ್ ಎಂಬ ಹೆಸರು ಹಾಪರ್ ಅವರಿಂದ ಬಂತೆಂದು ಹಲವರು ಬರೆಯುತ್ತಾರೆ. ೧೯೪೭ರ ಸೆಪ್ಟೆಂಬರ್ ೯ರಂದು ಹಾರ್ವರ್ಡಿನ ಮಾರ್ಕ್ ೨ ಯಂತ್ರದಲ್ಲಿ ಒಂದು ಪತಂಗ ಸಿಕ್ಕಿಕೊಂಡಿದ್ದು, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದು ನಿಜ. ಆ ಪುಟ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಆ ಪದ ಇಂಜಿನಿಯರುಗಳ ಬಾಯಲ್ಲಿ ಮೊದಲೇ ಇತ್ತು. ಪತಂಗವನ್ನು ಹಿಡಿದವರೂ ಹಾಪರ್ ಅಲ್ಲ. ಅವರು ಆ ಕತೆಯನ್ನು ಸೊಗಸಾಗಿ ಹೇಳಿ ಲೋಕದಲ್ಲಿ ಹರಡಿದವರು.

ಅವರ ನಿಜವಾದ ಹಿರಿಮೆ ಬೇರೆಡೆಯಲ್ಲಿದೆ. ಹಾರ್ವರ್ಡಿನಲ್ಲಿ ಅವರೂ ಅವರ ಸಹೋದ್ಯೋಗಿಗಳಾದ ರಿಚರ್ಡ್ ಬ್ಲಾಕ್ ಮತ್ತು ರಾಬರ್ಟ್ ಕ್ಯಾಂಪ್‌ಬೆಲ್ ಅವರೂ ಪರೀಕ್ಷಿಸಿ ಸರಿಯೆಂದು ಕಂಡ ಕ್ರಮವಿಧಿಯ ತುಣುಕುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಒಬ್ಬರಿಗೆ ತ್ರಿಕೋನಮಿತಿಯ ಲೆಕ್ಕವೊಂದು ಬೇಕಾದರೆ ಮತ್ತೊಬ್ಬರ ಪುಸ್ತಕದಿಂದ ಎರವಲು ಪಡೆದು ತಮ್ಮ ಹಾಳೆಗೆ ಇಳಿಸಿಕೊಳ್ಳುತ್ತಿದ್ದರು. ಇಳಿಸಿಕೊಳ್ಳುವಾಗ ತಪ್ಪು ನುಸುಳುತ್ತಿತ್ತು: ೪ ಎಂಬ ಅಂಕಿ ಇನ್ನೊಂದು ಚಿಹ್ನೆಯಾಗುವುದು, ಇಂಗ್ಲಿಷಿನ ಬಿ ಅಕ್ಷರ ೧೩ ಆಗುವುದು. ಓಲೆಗರಿಗಳ ಪಾಠಾಂತರಗಳೊಡನೆ ಹೆಣಗಾಡಿದ ಯಾವ ಕನ್ನಡ ವಿದ್ಯಾರ್ಥಿಗೂ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಕವಿಯ ವಕಾರ ಲಿಪಿಕಾರನ ಕೈಯಲ್ಲಿ ಪಕಾರವಾದರೆ ಪದ್ಯದ ಅರ್ಥ ಕೆಡುತ್ತದೆ. ಇಲ್ಲಿ ಲೆಕ್ಕವೇ ಕೆಡುತ್ತಿತ್ತು. ಜೊತೆಗೆ, ತುಣುಕು ಹೊಸ ಜಾಗಕ್ಕೆ ಬಂದಾಗ ಅದರೊಳಗಿನ ಸ್ಥಾನಸಂಖ್ಯೆಗಳನ್ನೆಲ್ಲ ಕೂಡಿ ಕಳೆದು ಬದಲಿಸಬೇಕಾಗಿತ್ತು; ಅಲ್ಲಿಯೂ ಮನುಷ್ಯ ಎಡವುತ್ತಿದ್ದ.

೧೯೪೯ರಲ್ಲಿ ಹಾಪರ್ ಹಾರ್ವರ್ಡನ್ನು ಬಿಟ್ಟರು; ಅಲ್ಲಿ ಹೆಂಗಸಿಗೆ ಕಾಯಂ ಹುದ್ದೆ ದೊರೆಯುವ ದಾರಿಯಿರಲಿಲ್ಲ. ಫಿಲಡೆಲ್ಫಿಯದಲ್ಲಿ ಎಕರ್ಟ್ ಮತ್ತು ಮಾಕ್ಲಿ ಎಂಬ ಇಬ್ಬರು ಯೂನಿವ್ಯಾಕ್ ಯಂತ್ರವನ್ನು ಕಟ್ಟುತ್ತಿದ್ದ ಕಂಪನಿಯನ್ನು ಸೇರಿದರು. ಮರುವರ್ಷ ರೆಮಿಂಗ್ಟನ್ ರ‍್ಯಾಂಡ್ ಅದನ್ನು ಕೊಂಡುಕೊಂಡಿತು. ಅಲ್ಲಿ ಅವರಿಗೆ ಹೊಳೆದ ವಿಚಾರ ಇದು: ಎರವಲು ತಂದ ತುಣುಕನ್ನು ಪ್ರತಿಮಾಡುವುದು, ಸ್ಥಾನಸಂಖ್ಯೆಗಳನ್ನು ಕೂಡುವುದು, ಇವೆರಡೂ ಮನುಷ್ಯನಿಗೆ ಒಗ್ಗದ, ಯಂತ್ರಕ್ಕೆ ಒಗ್ಗುವ ಕೆಲಸಗಳು; ಅವನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದು? ತುಣುಕುಗಳನ್ನೆಲ್ಲ ಟೇಪಿನಲ್ಲಿ ಶೇಖರಿಸಿ ಒಂದೊಂದಕ್ಕೂ ಒಂದು ಕರೆಸಂಖ್ಯೆ ಕೊಟ್ಟರು. ಬರೆಯುವವರು ಆ ಸಂಖ್ಯೆಗಳನ್ನು ಬರೆದರೆ ಸಾಕು. ಯಂತ್ರ ತಾನೇ ತುಣುಕುಗಳನ್ನು ಹುಡುಕಿ ತಂದು ಜೋಡಿಸಿ ಪೂರ್ಣ ಕ್ರಮವಿಧಿಯನ್ನು ಸಂಕಲಿಸುತ್ತದೆ. ಸಂಕಲನ ಮಾಡುವುದರಿಂದಲೇ ಅದಕ್ಕೆ ಕಂಪೈಲರ್ ಎಂಬ ಹೆಸರು ಬಂತು. ಎ-೦ ಎಂಬ ಈ ಸಾಧನವನ್ನು ಕುರಿತು ೧೯೫೨ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗಿನ ವಿದ್ವತ್ಸಭೆಯಲ್ಲಿ ಪ್ರಬಂಧ ಓದಿದರು. ಯಂತ್ರ ಕೂಡುವುದು ಕಳೆಯುವುದು ಬಿಟ್ಟು ಕ್ರಮವಿಧಿಯನ್ನೂ ಬರೆದೀತೆಂದು ಆಗ ನಂಬಿದವರು ಕಡಿಮೆ. ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ಈ ಮಹತ್ವದ ಆವಿಷ್ಕಾರದ ಮೂಲ ಒಬ್ಬರ ನೋಟುಪುಸ್ತಕವನ್ನು ಮತ್ತೊಬ್ಬರು ಎರವಲು ಪಡೆಯುತ್ತಿದ್ದ ರೂಢಿಯಲ್ಲಿದೆ. ಪ್ರತಿಯೊಬ್ಬರೂ ತಮ್ಮ ಪುಸ್ತಕಕ್ಕೆ ಬೀಗ ಹಾಕಿದ್ದರೆ ಜೋಡಿಸಲು ಯಂತ್ರಕ್ಕೆ ಏನೂ ಇರುತ್ತಿರಲಿಲ್ಲ.

ಎ-೦ ಬೆಳೆದು ೧೯೫೩ರಲ್ಲಿ ಎ-೨ ಆಯಿತು. ಯೂನಿವ್ಯಾಕ್ ಕೊಂಡಿದ್ದ ಗಿರಾಕಿಗಳಿಗೆ ಕಂಪನಿ ಇದನ್ನು ಮೂಲಪಾಠದ ಸಮೇತ ಕೊಟ್ಟಿತು. ಅಷ್ಟೇ ಅಲ್ಲ, ಓದಿ, ತಿದ್ದಿ, ಉತ್ತಮಗೊಳಿಸಿದ್ದನ್ನು ತಮಗೆ ಹಿಂದಕ್ಕೆ ಕಳುಹಿಸಬೇಕೆಂದು ಕೇಳಿಕೊಂಡಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿಯೆಂದು ನೆನೆಯುತ್ತೇವೆ. ಕಾವ್ಯದ ಪ್ರತಿಯನ್ನು ಪಡೆದವನು ಅದನ್ನು ಓದಿ ಆನಂದಿಸುತ್ತಾನೆ. ಎ-೨ರ ಪ್ರತಿಯನ್ನು ಪಡೆದವನು ಅದನ್ನು ತಿದ್ದುವ ಅಧಿಕಾರವನ್ನೂ ಪಡೆದ. ಇಂದು ಮುಕ್ತ ತಂತ್ರಾಂಶವೆಂದು ನಾವು ಕರೆಯುವುದರ ಲಕ್ಷಣ ಇದೇ.

ಇದನ್ನು ಕೇವಲ ಔದಾರ್ಯವೆಂದು ಬಣ್ಣಿಸಿದರೆ ಅರ್ಧಸತ್ಯವಾದೀತು. ಆಗ ಒಂದು ಯೂನಿವ್ಯಾಕಿನ ಬೆಲೆ ಹತ್ತು ಲಕ್ಷ ಡಾಲರನ್ನು ಮೀರಿತ್ತು. ಕಂಪನಿ ಮಾರುತ್ತಿದ್ದುದು ಯಂತ್ರವನ್ನು. ಕ್ರಮವಿಧಿ ಯಂತ್ರದ ಜೊತೆಗೆ ಬರುತ್ತಿತ್ತು. ಅದು ಉತ್ತಮವಾದಷ್ಟೂ ಯಂತ್ರಕ್ಕೆ ಬೇಡಿಕೆ ಹೆಚ್ಚು. ಪ್ರತಿಸ್ಪರ್ಧಿಯಾದ ಐಬಿಎಂ ಕಂಪನಿಯ ಯಂತ್ರಗಳನ್ನು ಬಳಸುತ್ತಿದ್ದವರೂ ೧೯೫೫ರಲ್ಲಿ, ಹಂಚಿಕೊಳ್ಳುವುದೆಂಬ ಅರ್ಥದ ಷೇರ್ ಎಂಬ ಹೆಸರಿನಲ್ಲೇ ಸಂಘ ಕಟ್ಟಿ ಕ್ರಮವಿಧಿಗಳನ್ನು ವಿನಿಮಯ ಮಾಡಿಕೊಳ್ಳತೊಡಗಿದರು. ಹಂಚುವುದು ಆ ಕಾಲದ ಧರ್ಮವೂ ಆಗಿತ್ತು, ಲಾಭವೂ ಆಗಿತ್ತು. ಹಾಪರ್ ಅವರ ಹಿರಿಮೆಯೆಂದರೆ, ಲಾಭ ಕಾಣದವರಿಗೂ ಆ ದಾರಿಯನ್ನು ಹಿಡಿಸಿದ್ದು.

ವ್ಯಾಪಾರದ ಲೆಕ್ಕಪತ್ರ ನೋಡುವವರಿಗೆ ಗಣಿತದ ಚಿಹ್ನೆಗಳು ಹಿಡಿಸುವುದಿಲ್ಲವೆಂದು ಕಂಡ ಹಾಪರ್, ಇಂಗ್ಲಿಷ್ ಪದಗಳಲ್ಲೇ ಯಂತ್ರಕ್ಕೆ ಆದೇಶ ಕೊಡುವ ಭಾಷೆಯನ್ನು ಯೋಚಿಸಿದರು. ಆಡಳಿತದವರು ಒಪ್ಪಲಿಲ್ಲ. ಹಾಪರ್ ಚಿಕ್ಕ ಮಾದರಿಯೊಂದನ್ನು ನಡೆಸಿ ತೋರಿಸಿದರು. ಪದಗಳನ್ನು ಬದಲಿಸಿ ಫ್ರೆಂಚಿನಲ್ಲೂ ಜರ್ಮನಿನಲ್ಲೂ ಅದೇ ಕೆಲಸವನ್ನು ಮಾಡಿಸಿದರು. ಅಮೆರಿಕದ ಯಂತ್ರಕ್ಕೆ ಫ್ರೆಂಚ್ ತಿಳಿಯುವುದೆಂತು ಎಂದು ಮೇಲಧಿಕಾರಿಗಳು ಬೆಚ್ಚಿಬಿದ್ದರಂತೆ. ಭಾಷೆಯ ಪದ ಯಾವುದಾದರೂ ಯಂತ್ರಕ್ಕೆ ಅದೊಂದು ಸಂಕೇತ ಮಾತ್ರವೆಂಬ ತತ್ತ್ವ ಅವರಿಗೆ ಅಷ್ಟು ಬೇಗ ಹಿಡಿಯಲಿಲ್ಲ. ಕೊನೆಗೆ ಫ್ಲೋ-ಮ್ಯಾಟಿಕ್ ಎಂಬ ಹೆಸರಿನಲ್ಲಿ ಆ ಭಾಷೆ ಬಳಕೆಗೆ ಬಂತು.

ಆದರೆ ಪ್ರತಿಯೊಂದು ಕಂಪನಿಯೂ ತನ್ನದೇ ಭಾಷೆಯನ್ನು ಹೊರಡಿಸಿದರೆ, ಒಂದು ಯಂತ್ರಕ್ಕಾಗಿ ಬರೆದದ್ದು ಇನ್ನೊಂದಕ್ಕೆ ನಿರುಪಯೋಗ. ೧೯೫೯ರ ಮೇ ೨೮ ಮತ್ತು ೨೯ರಂದು ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಸರ್ಕಾರದವರೂ, ಯಂತ್ರ ಬಳಸುವವರೂ, ಪರಸ್ಪರ ಸ್ಪರ್ಧಿಸುತ್ತಿದ್ದ ತಯಾರಕರೂ ಒಂದೆಡೆ ಕಲೆತು ಎಲ್ಲರಿಗೂ ಸಮಾನವಾದ ವ್ಯಾಪಾರಭಾಷೆಯನ್ನು ರಚಿಸಲು ನಿಶ್ಚಯಿಸಿದರು. ಹಾಗೆ ಹುಟ್ಟಿದ್ದು ಕೋಬಾಲ್. ಅದು ಹಾಪರ್ ಒಬ್ಬರ ಸೃಷ್ಟಿಯಲ್ಲ; ಜೀನ್ ಸ್ಯಾಮೆಟ್ ಮೊದಲಾದವರ ಸಮಿತಿ ಅದನ್ನು ಕಟ್ಟಿತು. ಹಾಪರ್ ಸಲಹೆಗಾರರಾಗಿದ್ದರು, ಅವರ ಫ್ಲೋ-ಮ್ಯಾಟಿಕ್ ಅದರ ಮುಖ್ಯ ಬುನಾದಿಯಾಯಿತು. ೧೯೬೦ರ ಡಿಸೆಂಬರಿನಲ್ಲಿ ಆರ್‌ಸಿಎ ಮತ್ತು ರೆಮಿಂಗ್ಟನ್ ರ‍್ಯಾಂಡ್ ಎಂಬ ಎರಡು ಪ್ರತಿಸ್ಪರ್ಧಿ ಕಂಪನಿಗಳ ಯಂತ್ರಗಳ ಮೇಲೆ ಒಂದೇ ಕೋಬಾಲ್ ಕ್ರಮವಿಧಿ ಓಡಿತು.

ಕೋಬಾಲ್ ಕೈಪಿಡಿಯ ಆರಂಭದಲ್ಲಿರುವ ಕೃತಜ್ಞತಾಪತ್ರ ಸಾಹಿತ್ಯದ ವಿದ್ಯಾರ್ಥಿಗಳೂ ಗಮನಿಸಬೇಕಾದ ಬರಹ. ಈ ಭಾಷೆ ಯಾವ ಕಂಪನಿಯ, ಯಾವ ಸಂಸ್ಥೆಯ ಸ್ವತ್ತೂ ಅಲ್ಲವೆಂದು ಅದು ಸಾರುತ್ತದೆ. ಫ್ಲೋ-ಮ್ಯಾಟಿಕ್ ಮೊದಲಾದ, ಗ್ರಂಥಸ್ವಾಮ್ಯವುಳ್ಳ ಬರಹಗಳ ಒಡೆಯರು ಅವುಗಳ ಬಳಕೆಗೆ ಒಪ್ಪಿಗೆ ಕೊಟ್ಟಿದ್ದಾರೆಂದು ಹೆಸರು ಹಿಡಿದು ಹೇಳುತ್ತದೆ. ಬಳಸುವವರಿಂದ ಅದು ಬಯಸುವುದು ಮೂಲವನ್ನು ನೆನೆಯುವ ಈ ಸಾಲುಗಳನ್ನು ತಮ್ಮ ಪುಸ್ತಕದಲ್ಲಿಯೂ ಸೇರಿಸಬೇಕೆಂಬುದನ್ನು. ಸ್ವಾಮ್ಯ ಉಳಿಯಿತು, ಬೀಗ ಹೋಯಿತು. ಬೆಲೆಯ ಜಾಗದಲ್ಲಿ ಋಣಸ್ಮರಣೆ ಕೂತಿತು.

ಗಾಳಿ ಮುಂದೆ ಬೇರೆಯಾಗಿ ಬೀಸಿತು. ೧೯೬೯ರ ಜೂನ್ ತಿಂಗಳಲ್ಲಿ ಐಬಿಎಂ ಕ್ರಮವಿಧಿಗಳಿಗೆ ಯಂತ್ರದಿಂದ ಬೇರೆಯಾಗಿ ಬೆಲೆ ಕಟ್ಟುವುದಾಗಿ ಘೋಷಿಸಿತು. ತಂತ್ರಾಂಶ ತಾನೇ ಒಂದು ಸರಕಾಯಿತು. ೧೯೭೬ರಲ್ಲಿ ತರುಣ ಬಿಲ್ ಗೇಟ್ಸ್ ಬಹಿರಂಗ ಪತ್ರ ಬರೆದು, ಹಣ ತೆರದೆ ಪ್ರತಿಮಾಡಿಕೊಳ್ಳುವುದು ಬರೆದವನ ದುಡಿಮೆಯನ್ನು ಕದ್ದಂತೆ ಎಂದು ವಾದಿಸಿದರು. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎದುರು ನಿಂತು, ಮೂಲಪಾಠವನ್ನು ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯಕ್ಕಾಗಿ ಗ್ನೂ ಯೋಜನೆಯನ್ನು ಸಾರಿದರು. ಎರಡು ಮಾತುಗಳಲ್ಲೂ ನ್ಯಾಯವಿದೆ. ರಾತ್ರಿಹಗಲು ದುಡಿದವನಿಗೆ ಕೂಲಿ ಬೇಡವೆನ್ನುವುದು ಸಂಬಳ ಪಡೆಯುವ ನನ್ನಂಥವನ ಬಾಯಲ್ಲಿ ಶೋಭಿಸದು. ಆದರೆ ಬೀಗ ಹಾಕಿದ ಪುಸ್ತಕದಿಂದ ಮುಂದಿನ ಪೀಳಿಗೆ ಏನನ್ನೂ ಕಲಿಯಲಾರದೆಂಬುದೂ ಅಷ್ಟೇ ನಿಜ.

ಹಾಪರ್ ಈ ಚಳುವಳಿಯ ಮುಂದಾಳುವಾಗಿರಲಿಲ್ಲ. ಯಂತ್ರ ಮಾರುವ ಕಂಪನಿಯಲ್ಲಿ ದುಡಿದರು, ಸಂಬಳ ತೆಗೆದುಕೊಂಡರು. ೧೯೬೬ರ ಕೊನೆಯಲ್ಲಿ ನೌಕಾಪಡೆಯಿಂದ ನಿವೃತ್ತರಾದವರನ್ನು ೧೯೬೭ರ ಆಗಸ್ಟಿನಲ್ಲಿ ಆರು ತಿಂಗಳ ಮಟ್ಟಿಗೆಂದು ಹಿಂದಕ್ಕೆ ಕರೆಸಿಕೊಂಡರು. ಆ ಆರು ತಿಂಗಳು ಹತ್ತೊಂಬತ್ತು ವರ್ಷವಾಯಿತು. ಒಬ್ಬೊಬ್ಬ ತಯಾರಕರ ಕೋಬಾಲ್ ಒಂದೊಂದು ಬಗೆಯಾಗಿ ಚದುರುತ್ತಿದ್ದುದನ್ನು ತಡೆಯಲು, ಭಾಷೆ ನಿಯಮಕ್ಕೆ ಸರಿಯಾಗಿದೆಯೆ ಎಂದು ಒರೆಗೆ ಹಚ್ಚುವ ಪರೀಕ್ಷೆಗಳನ್ನು ಅಲ್ಲಿ ರೂಪಿಸಿದರು. ೧೯೮೬ರ ಆಗಸ್ಟ್ ೧೪ರಂದು ಬಾಸ್ಟನ್ನಿನಲ್ಲಿ, ಕಾನ್‌ಸ್ಟಿಟ್ಯೂಷನ್ ಎಂಬ ಹಳೆಯ ಯುದ್ಧನೌಕೆಯ ಮೇಲೆ, ರಿಯರ್ ಅಡ್ಮಿರಲ್ ಪದವಿಯಲ್ಲಿ ನಿವೃತ್ತರಾದಾಗ ವಯಸ್ಸು ೭೯. ಮರಳಿ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪನಿಯ ಸಲಹೆಗಾರರಾಗಿ ದುಡಿದರು. ೧೯೯೧ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂತು. ಅದನ್ನು ವೈಯಕ್ತಿಕವಾಗಿ ಪಡೆದ ಮೊದಲ ಮಹಿಳೆ ಅವರು.

ಕೊನೆಯ ದಶಕಗಳಲ್ಲಿ ಊರೂರು ತಿರುಗಿ ಉಪನ್ಯಾಸ ಕೊಡುತ್ತಿದ್ದರು. ಹೋದಲ್ಲೆಲ್ಲ ಸುಮಾರು ಒಂದಡಿ ಉದ್ದದ ತಂತಿಯ ತುಂಡುಗಳನ್ನು ಕೇಳುಗರಿಗೆ ಹಂಚುತ್ತಿದ್ದರು: ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ಕಾಲದಲ್ಲಿ ಬೆಳಕು ಸಾಗುವ ಗರಿಷ್ಠ ದೂರ ಅದು. ವಾಸರಿನ ಅಧ್ಯಾಪಕಿ ಸತ್ತಿರಲಿಲ್ಲ. ಕಾಣದ ವಸ್ತುವನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು ಮನೆಗೆ ಕಳುಹಿಸುವುದಕ್ಕಿಂತ ಒಳ್ಳೆಯ ಪಾಠಕ್ರಮವನ್ನು ನಾನು ಕಾಣೆ.

೧೯೯೨ರ ಜನವರಿ ೧ರಂದು ಹಾಪರ್ ತೀರಿಕೊಂಡರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಬ್ಯಾಂಕುಗಳಲ್ಲೂ ಸರ್ಕಾರಿ ಕಚೇರಿಗಳಲ್ಲೂ ಕೋಬಾಲ್ ಇಂದಿಗೂ ದುಡಿಯುತ್ತಿದೆ. ಯಾರು ಬೇಕಾದರೂ ಮೂಲಪಾಠವನ್ನು ಓದಬಹುದಾದ ಮುಕ್ತ ಕೋಬಾಲ್ ಕಂಪೈಲರೂ ಇದೆ. ಕ್ರಮವಿಧಿಯನ್ನು ಮಾರಬಾರದೆಂದು ಹಾಪರ್ ಅವರ ಬಾಳು ಹೇಳುವುದಿಲ್ಲ. ಕಲಿಯುವುದಕ್ಕೆ ಬೇಕಾದ ಭಾಷೆಯನ್ನೂ ಕ್ರಮವನ್ನೂ ಸರ್ವರ ಸ್ವತ್ತಾಗಿ ಬಿಟ್ಟು, ಅದರ ಮೇಲೆ ಕಟ್ಟಿದ ಕೆಲಸಕ್ಕೆ ಕೂಲಿ ಪಡೆಯಬಹುದೆಂದು ಅದು ತೋರಿಸುತ್ತದೆ. ವ್ಯಾಕರಣ ಎಲ್ಲರದು, ಕಾವ್ಯ ಕವಿಯದು ಎಂದು ನಾವು ಒಪ್ಪಿಲ್ಲವೆ? ಕಂಪ್ಯೂಟರ್ ಕಲಿಯುವ ನಮ್ಮ ವಿದ್ಯಾರ್ಥಿಗಳು ಇನ್ನೊಬ್ಬರು ತೆರೆದಿಟ್ಟ ಸಾಲುಗಳನ್ನು ತೆಗೆದುಕೊಳ್ಳುವಾಗ ಬರೆದವರ ಹೆಸರನ್ನು ಅಳಿಸದಿರಲಿ. ತಿದ್ದಿದ್ದನ್ನು ಮರಳಿ ಕಳುಹಿಸಲಿ. ೧೯೫೩ರಲ್ಲಿ ಗಿರಾಕಿಗಳಿಂದ ಕೇಳಿದ್ದು ಅಷ್ಟನ್ನೇ.