ಎಸಿ ಹುಟ್ಟಿದ್ದು ಕಾಗದಕ್ಕಾಗಿ: ವಿಲ್ಲಿಸ್ ಕ್ಯಾರಿಯರ್ ಬದುಕು ಮತ್ತು ನಿಮ್ಮ ಮನೆಯ ಹಳೆಯ ಎಸಿ

ಬೇಸಿಗೆ ಶುರುವಾದರೆ ಸಾಕು, ಹುಬ್ಬಳ್ಳಿ-ಧಾರವಾಡದ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದೇ ಧಾಟಿಯ ಸಂದೇಶಗಳು ಓಡಾಡುತ್ತವೆ. ಎಸಿಗೆ ಹತ್ತು ವರ್ಷವಾದರೆ ಕಣ್ಣು ಮುಚ್ಚಿ ಬದಲಿಸಿ ಎನ್ನುತ್ತದೆ ಒಂದು. ಗ್ಯಾಸ್ ಪ್ರತಿ ವರ್ಷ ತುಂಬಿಸಲೇಬೇಕು ಎನ್ನುತ್ತದೆ ಇನ್ನೊಂದು. ಹೊಸ ಎಸಿಗೆ ಹಾಕಿದ ದುಡ್ಡು ಎರಡೇ ವರ್ಷದಲ್ಲಿ ಕರೆಂಟ್ ಬಿಲ್‌ನಲ್ಲಿ ವಾಪಸ್ ಬರುತ್ತದೆ ಎನ್ನುತ್ತದೆ ಮತ್ತೊಂದು.

ನಲವತ್ತು ಸಾವಿರ ರೂಪಾಯಿಯ ಪ್ರಶ್ನೆ ಇದು. ಉತ್ತರಕ್ಕೆ ಮೊದಲು, ಈ ಯಂತ್ರವನ್ನು ಕೊಟ್ಟ ವ್ಯಕ್ತಿಯ ಬದುಕನ್ನು ನೋಡೋಣ. ಎಸಿ ನಿಜವಾಗಿ ಏನು ಕೆಲಸ ಮಾಡುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. (ಇವರ ಹೆಸರಿನ ಬ್ರ್ಯಾಂಡ್ ಇಂದಿಗೂ ಇದೆ. ಈ ಲೇಖನ ಯಾವ ಬ್ರ್ಯಾಂಡ್‌ನ ಪರವೂ ಅಲ್ಲ.)

ಸೇಬು ಕತ್ತರಿಸಿ ಕಲಿತ ಲೆಕ್ಕ

ವಿಲ್ಲಿಸ್ ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನ ರೈತ ಕುಟುಂಬದಲ್ಲಿ. ಒಬ್ಬನೇ ಮಗ. ಚಿಕ್ಕವನಿದ್ದಾಗ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲವಂತೆ. ಆಗ ತಾಯಿ ಸೇಬುಗಳನ್ನು ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ ಮುಂದಿಟ್ಟು ಲೆಕ್ಕ ಕಲಿಸಿದರು. ದೊಡ್ಡ ಸಮಸ್ಯೆಯನ್ನು ಸಣ್ಣ ತುಂಡು ಮಾಡಿ ನೋಡುವ ಅಭ್ಯಾಸ ಅಲ್ಲಿಂದಲೇ ಬಂತು. ಆತನಿಗೆ ಹನ್ನೊಂದು ವರ್ಷವಾದಾಗ ಆ ತಾಯಿ ತೀರಿಕೊಂಡರು.

ಮುಂದೆ ವಿದ್ಯಾರ್ಥಿವೇತನ ಪಡೆದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ ಕ್ಯಾರಿಯರ್, 1901ರಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿದರು. ಫ್ಯಾನ್, ಹೀಟರ್ ತಯಾರಿಸುತ್ತಿದ್ದ ಬಫಲೋ ಫೋರ್ಜ್ ಕಂಪನಿಯಲ್ಲಿ ಕೆಲಸ ಸಿಕ್ಕಿತು.

ಬಣ್ಣ ಕೂಡದ ಮುದ್ರಣಾಲಯ

ಮರುವರ್ಷವೇ ಒಂದು ವಿಚಿತ್ರ ಸಮಸ್ಯೆ ಬಂತು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್ಹೆಲ್ಮ್ಸ್ ಎಂಬ ಮುದ್ರಣಾಲಯದಲ್ಲಿ ಬೇಸಿಗೆಯ ಸೆಕೆಗೆ ಬಣ್ಣದ ಮುದ್ರಣ ಕೆಡುತ್ತಿತ್ತು. ಆಗ ಒಂದೊಂದು ಬಣ್ಣವನ್ನು ಒಂದೊಂದು ಸಲ ಅಚ್ಚು ಹಾಕುತ್ತಿದ್ದರು. ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಕಾಗದ ಗಾಳಿಯ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗುತ್ತಿತ್ತು. ನಮ್ಮಲ್ಲಿ ಮಳೆಗಾಲಕ್ಕೆ ಹಪ್ಪಳ ಮೆತ್ತಗಾಗುತ್ತದಲ್ಲ, ಕಟ್ಟಿಗೆಯ ಬಾಗಿಲು ಬಿಗಿಯಾಗುತ್ತದಲ್ಲ, ಹಾಗೆ. ಲಗ್ನಪತ್ರಿಕೆಯ ಗಣಪನ ಕೆಂಪು ಬಣ್ಣ ಗೆರೆ ಬಿಟ್ಟು ಪಕ್ಕಕ್ಕೆ ಸರಿದಿರುವುದನ್ನು ನೋಡಿದವರಿಗೆ ಈ ತೊಂದರೆ ಅರ್ಥವಾಗುತ್ತದೆ.

ಕ್ಯಾರಿಯರ್ ಕೂಡಲೇ ದೊಡ್ಡ ಯಂತ್ರ ತರಿಸಲಿಲ್ಲ. ಮೊದಲು ಗಾಳಿಯಲ್ಲಿ ಎಷ್ಟು ತೇವವಿದೆ, ಎಷ್ಟು ಇರಬೇಕು ಎಂದು ಲೆಕ್ಕ ಹಾಕಿದರು. ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ, ತಂಪು ನೀರಿನ ಲೋಟದ ಹೊರಗೆ ಹನಿ ಕಟ್ಟುವಂತೆ, ಗಾಳಿಯ ತೇವ ನೀರಾಗಿ ಇಳಿಯುತ್ತದೆ. 1902ರ ಜುಲೈ 17ರ ದಿನಾಂಕವಿರುವ ಅವರ ನಕ್ಷೆಯನ್ನೇ ಆಧುನಿಕ ಎಸಿಯ ಹುಟ್ಟು ಎನ್ನುತ್ತಾರೆ. ಮನುಷ್ಯರಿಗೆ ತಂಪಾದದ್ದು ಆಮೇಲಿನ ಲಾಭ.

ಮಂಜಿನಲ್ಲಿ ಹೊಳೆದದ್ದು

ಅದೇ ವರ್ಷದ ಕೊನೆಯಲ್ಲಿ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ನಿಂತಿದ್ದ ಕ್ಯಾರಿಯರ್‌ಗೆ ಸುತ್ತಲಿನ ದಟ್ಟ ಮಂಜು ನೋಡಿ ಒಂದು ವಿಚಾರ ಹೊಳೆಯಿತು. ಮಂಜಿನಲ್ಲಿ ಗಾಳಿ ತನಗೆ ಹಿಡಿಸುವಷ್ಟೂ ತೇವ ಹಿಡಿದಿರುತ್ತದೆ. ಆದರೆ ಚಳಿ ಇರುವುದರಿಂದ ಅದು ಹಿಡಿಯುವ ನೀರೇ ಕಡಿಮೆ. ಹಾಗಿದ್ದರೆ ಗಾಳಿಯನ್ನು ತಣ್ಣೀರಿನ ತುಂತುರಿನೊಳಗೆ ಹಾಯಿಸಿ, ನೀರಿನ ಉಷ್ಣತೆಯನ್ನು ಹಿಡಿತದಲ್ಲಿಟ್ಟರೆ ಗಾಳಿಯ ತೇವವೂ ಹಿಡಿತಕ್ಕೆ ಬರುತ್ತದೆ. ನೀರು ಸಿಂಪಡಿಸಿ ಗಾಳಿ ಒಣಗಿಸುವುದು! ಕೇಳಲು ಉಲ್ಟಾ ಎನಿಸುವ ಈ ಉಪಾಯಕ್ಕೆ 1906ರಲ್ಲಿ ಪೇಟೆಂಟ್ ಸಿಕ್ಕಿತು.

ಏರ್ ಕಂಡೀಷನಿಂಗ್ ಎಂಬ ಹೆಸರು ಮಾತ್ರ ಕ್ಯಾರಿಯರ್ ಇಟ್ಟದ್ದಲ್ಲ. ಅದೇ 1906ರಲ್ಲಿ ಸ್ಟುವರ್ಟ್ ಕ್ರೇಮರ್ ಎಂಬ ಜವಳಿ ಎಂಜಿನಿಯರ್ ಅದನ್ನು ಬಳಸಿದರು. ಹತ್ತಿ ಗಿರಣಿಗಳಲ್ಲಿ ಗಾಳಿ ತೀರಾ ಒಣಗಿದರೆ ನೂಲು ಹರಿಯುತ್ತದೆ. ಅಲ್ಲೂ ಬೇಕಾಗಿದ್ದದ್ದು ತೇವದ ಹಿಡಿತವೇ.

ಕೆಲಸ ಹೋಗುವಾಗ ಕಟ್ಟಿದ ಕಂಪನಿ

1911ರಲ್ಲಿ ಕ್ಯಾರಿಯರ್ ಗಾಳಿಯ ಉಷ್ಣತೆ ಮತ್ತು ತೇವದ ಸಂಬಂಧದ ಸೂತ್ರಗಳನ್ನು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಮಂಡಿಸಿದರು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದಿಗೂ ಕಲಿಸುವ ಸೈಕ್ರೋಮೆಟ್ರಿಕ್ ಚಾರ್ಟ್‌ಗೆ ಅದೇ ಬುನಾದಿ.

ಆದರೆ ಮೊದಲ ಮಹಾಯುದ್ಧದ ಹೊತ್ತಿಗೆ ಬಫಲೋ ಫೋರ್ಜ್ ಕಂಪನಿ ಈ ವಿಭಾಗವನ್ನು ಕೈಬಿಡಲು ನಿರ್ಧರಿಸಿತು. ಕ್ಯಾರಿಯರ್ ಮತ್ತು ಆರು ಗೆಳೆಯರು ಕೂಡಿಟ್ಟ ದುಡ್ಡು ಸೇರಿಸಿ 1915ರಲ್ಲಿ ತಮ್ಮದೇ ಕಂಪನಿ ಕಟ್ಟಿದರು. 1922ರಲ್ಲಿ ಅವರು ತೋರಿಸಿದ ಸೆಂಟ್ರಿಫ್ಯೂಗಲ್ ಯಂತ್ರದಿಂದ ದೊಡ್ಡ ಕಟ್ಟಡಗಳನ್ನು ತಂಪು ಮಾಡುವುದು ಸುಲಭವಾಯಿತು. 1925ರಲ್ಲಿ ನ್ಯೂಯಾರ್ಕ್‌ನ ರಿವೋಲಿ ಚಿತ್ರಮಂದಿರಕ್ಕೆ ಎಸಿ ಬಂದಾಗ ಸಾಮಾನ್ಯ ಜನರೂ ಈ ತಂಪಿನ ರುಚಿ ನೋಡಿದರು. ಮನೆಗಳಿಗಾಗಿಯೂ ಅವರು ಯಂತ್ರ ಮಾಡಿದರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಕೊಳ್ಳುವವರು ಸಿಗಲಿಲ್ಲ. ಎಸಿ ಮನೆಮನೆಗೆ ಹರಡುವ ಮುನ್ನವೇ, 1950ರ ಅಕ್ಟೋಬರ್ 7ರಂದು ಕ್ಯಾರಿಯರ್ ತೀರಿಕೊಂಡರು.

ಹಾಗಾದರೆ ನಮ್ಮ ಮನೆಯ ಎಸಿ?

ಕ್ಯಾರಿಯರ್ ಮಾಡಿದ್ದು ಇಷ್ಟೇ: ಮೊದಲು ಅಳತೆ, ಆಮೇಲೆ ಯಂತ್ರ. ನಾವೂ ಹಾಗೇ ಮಾಡಬಹುದು.

ಮೊದಲ ಅಳತೆ ತಂಪಿನದು. ಫಿಲ್ಟರ್ ತೊಳೆದು, ಎಸಿ ಹಚ್ಚಿ ಹದಿನೈದು ನಿಮಿಷ ಬಿಡಿ. ಒಳಗೆ ಹೋಗುವ ಗಾಳಿ ಮತ್ತು ಹೊರಬರುವ ಗಾಳಿಯ ಉಷ್ಣತೆಯನ್ನು ಥರ್ಮಾಮೀಟರ್‌ನಲ್ಲಿ ನೋಡಿ. ವ್ಯತ್ಯಾಸ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ಇದ್ದರೆ ಯಂತ್ರಕ್ಕೆ ಶಕ್ತಿ ಇದೆ ಎಂದರ್ಥ. ಮಳೆ ಬಂದ ದಿನ ವ್ಯತ್ಯಾಸ ಕಡಿಮೆ ಕಂಡರೆ ಗಾಬರಿ ಬೇಡ. ಎಸಿಯ ಒಂದಿಷ್ಟು ಶಕ್ತಿ ಗಾಳಿಯ ತೇವವನ್ನು ನೀರು ಮಾಡುವುದಕ್ಕೆ ಹೋಗಿರುತ್ತದೆ. ಹೊರಗಿನ ಯೂನಿಟ್‌ನ ಕಾಯಿಲ್‌ಗೆ ಧೂಳು ಮೆತ್ತಿದ್ದರೂ ತಂಪು ಇಳಿಯುತ್ತದೆ. ಕಂಪ್ರೆಸರ್ ಸತ್ತಿದೆ ಎಂದು ಯಾರಾದರೂ ಹೇಳಿದರೆ, ಕೆಪಾಸಿಟರ್ ಪರೀಕ್ಷಿಸಿದ್ದೀರಾ ಎಂದು ಕೇಳಿ. ಅದು ಅಗ್ಗದ ಭಾಗ.

ಎರಡನೆಯದು ಗ್ಯಾಸ್. ಎಸಿ ಗ್ಯಾಸ್ ಅಡುಗೆ ಗ್ಯಾಸ್‌ನಂತೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿಕೆ ಇದೆ. ಸೋರಿಕೆ ಮುಚ್ಚದೆ ವರ್ಷವರ್ಷ ತುಂಬಿಸುವುದು ತೂತು ಕೊಡಕ್ಕೆ ನೀರು ಹಾಕಿದಂತೆ.

ಗ್ಯಾಸ್ ಯಾವುದು ಎಂಬುದು ಯೂನಿಟ್ ಮೇಲಿನ ಚೀಟಿಯಲ್ಲೇ ಇರುತ್ತದೆ. ಆರ್-22 ಎಂದಿದ್ದರೆ ಲೆಕ್ಕ ಬದಲಾಗುತ್ತದೆ. ಇದು ಓಝೋನ್ ಪದರಕ್ಕೆ ಹಾನಿ ಮಾಡುವ ಅನಿಲ. 1987ರ ಮಾಂಟ್ರಿಯಲ್ ಒಪ್ಪಂದದಂತೆ ಇದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಭಾರತದಲ್ಲಿ 2025ರಿಂದ ಹೊಸ ಉಪಕರಣಗಳ ತಯಾರಿಕೆಗೆ ಇದನ್ನು ಬಳಸುವಂತಿಲ್ಲ. 2030ರ ನಂತರ ರಿಪೇರಿಗೂ ಅಲ್ಪ ಪ್ರಮಾಣ ಮಾತ್ರ ಉಳಿಯುತ್ತದೆ. ಅದರ ಬದಲು ಆರ್-32 ತುಂಬುತ್ತೇವೆ ಎಂದರೆ ಒಪ್ಪಬೇಡಿ. ಅದರ ಒತ್ತಡ ಹೆಚ್ಚು, ಬೆಂಕಿ ಹಿಡಿಯುವ ಗುಣವೂ ಇದೆ. ಹಳೆಯ ಯಂತ್ರ ಅದಕ್ಕಾಗಿ ಮಾಡಿದ್ದಲ್ಲ.

ಮೂರನೆಯದು ಬಿಲ್. ಒಂದು ಉದಾಹರಣೆ ನೋಡಿ. ಹಳೆಯ ಎಸಿಗಿಂತ ಹೊಸದು ಗಂಟೆಗೆ 0.7 ಯೂನಿಟ್ ಉಳಿಸುತ್ತದೆ ಎಂದುಕೊಳ್ಳೋಣ. ದಿನಕ್ಕೆ 6 ಗಂಟೆ, 90 ದಿನ ಹಚ್ಚಿದರೆ 378 ಯೂನಿಟ್ ಉಳಿಯಿತು. ಯೂನಿಟ್‌ಗೆ 7 ರೂಪಾಯಿಯಂತೆ ವರ್ಷಕ್ಕೆ ಸುಮಾರು 2,650 ರೂಪಾಯಿ. ಎಸಿ ಬೆಲೆ 40,000 ಆದರೆ ದುಡ್ಡು ವಾಪಸ್ ಬರಲು 15 ವರ್ಷ ಬೇಕು! ವರ್ಷದ ಬಹುಪಾಲು ಸೆಕೆ ಇರುವ ಚೆನ್ನೈನ ಲೆಕ್ಕ ಬೇರೆ. ಮಾರ್ಚ್‌ನಿಂದ ಮೇ ತನಕ ಮಾತ್ರ ಎಸಿ ಹಚ್ಚುವ ನಮ್ಮ ಅವಳಿ ನಗರದ ಲೆಕ್ಕವೇ ಬೇರೆ. ಗೃಹಜ್ಯೋತಿ ಇರುವ ಮನೆಗಳು ಇನ್ನೊಂದನ್ನು ನೋಡಬೇಕು: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಹೊಸ ಎಸಿಯಿಂದ ನೀವು ಆ ಗೆರೆಯೊಳಗೆ ಉಳಿಯುತ್ತೀರಾದರೆ ಉಳಿತಾಯ ಹೆಚ್ಚು. ನಿಮ್ಮ ಹೆಸ್ಕಾಂ ಬಿಲ್‌ನ ಅಂಕಿ ಹಾಕಿ ನೋಡಿ.

ಒಟ್ಟಿನಲ್ಲಿ

ಎಸಿಗೆ ಹತ್ತು ವರ್ಷವಾಗಿದೆ ಎಂಬುದೊಂದೇ ಬದಲಿಸಲು ಕಾರಣವಲ್ಲ. ಕಂಪ್ರೆಸರ್ ನಿಜಕ್ಕೂ ಕೆಟ್ಟಿದ್ದರೆ, ಆರ್-22 ಯಂತ್ರದ ಕಾಯಿಲ್ ಸೋರುತ್ತಿದ್ದರೆ, ಅಥವಾ ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ಮುಟ್ಟುತ್ತಿದ್ದರೆ ಬದಲಿಸುವುದೇ ಜಾಣತನ. ತಂಪು ಸರಿ ಇದ್ದು, ಸೋರಿಕೆ ಇಲ್ಲದಿದ್ದರೆ ಸರ್ವಿಸ್ ಮಾಡಿಸಿ ಇನ್ನೊಂದು ಬೇಸಿಗೆ ನಡೆಸಿ.

ಮುಂದಿನ ಸಲ ಗ್ರೂಪ್‌ನಲ್ಲಿ ಆ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: ಅಳತೆ ಮಾಡಿದ್ದೀರಾ?