ಮಾಳದಿಂದ ಕೇಡಗಾಂವದವರೆಗೆ: ಪಂಡಿತಾ ರಮಾಬಾಯಿ ಕಟ್ಟಿದ ಮನೆ

ಪಂಡಿತಾ ರಮಾಬಾಯಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಶಾಲೆಯ ಪಾಠಪುಸ್ತಕದ ಒಂದು ಸಾಲು ನೆನಪಾಗುತ್ತದೆ: ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ, ವಿಧವೆಯರಿಗೆ ಆಶ್ರಯ ಕೊಟ್ಟವರು. ಮಹಾರಾಷ್ಟ್ರದವರು ಅವರನ್ನು ತಮ್ಮವರೆಂದು ಹೇಳಿಕೊಳ್ಳುತ್ತಾರೆ, ಅದು ನ್ಯಾಯವೇ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಅವರ ತಂದೆಯ ಊರು ಕಾರ್ಕಳದ ಹತ್ತಿರದ ಮಾಳ ಎಂಬುದು ನಮ್ಮ ಎಷ್ಟೋ ಗೆಳತಿಯರಿಗೆ ಗೊತ್ತಿಲ್ಲ. ಈ ಸಂಚಿಕೆಗೆ ಬರೆಯುವಾಗ ಅವರ ಸಾಧನೆಗಳ ಪಟ್ಟಿ ಕೊಡುವುದಕ್ಕಿಂತ, ಮಗಳಾಗಿ, ತಂಗಿಯಾಗಿ, ಹೆಂಡತಿಯಾಗಿ, ತಾಯಿಯಾಗಿ ಅವರು ಬದುಕಿದ ಬಗೆಯನ್ನು ಹೇಳೋಣ ಎನ್ನಿಸಿತು. ಏಕೆಂದರೆ ಅವರ ದೊಡ್ಡ ಕೆಲಸಗಳೆಲ್ಲ ಹುಟ್ಟಿದ್ದು ಆ ಮನೆಯೊಳಗಿನ ಸುಖದುಃಖದಿಂದಲೇ.

ಕಥೆ ಶುರುವಾಗುವುದು ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರಿಂದ. ಶಾಸ್ತ್ರಿಗಳು ಪುಣೆಯಲ್ಲಿ ಓದುತ್ತಿದ್ದಾಗ ಅವರ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯರ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳು ದೇವಭಾಷೆಯ ಶ್ಲೋಕ ಹೇಳುವುದನ್ನು ಕಂಡ ಹುಡುಗನಿಗೆ ಬೆರಗಾಯಿತು. ಊರಿಗೆ ಬಂದು ತನ್ನ ಹೆಂಡತಿಗೂ ಕಲಿಸಲು ಹೊರಟರೆ ಮನೆಯ ಹಿರಿಯರು ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ, ನಡುವಯಸ್ಸಿನಲ್ಲಿ, ತೀರ್ಥಯಾತ್ರೆಯ ದಾರಿಯಲ್ಲಿ ಗೋದಾವರಿ ತೀರದ ಪೈಠಣದಲ್ಲಿ ಒಂಬತ್ತು ವರ್ಷದ ಲಕ್ಷ್ಮಿಯನ್ನು ಮದುವೆಯಾದರು. ಇಂದು ನಮಗೆ ಈ ಮದುವೆಯ ಲೆಕ್ಕವೇ ಎದೆ ಝಲ್ಲೆನಿಸುತ್ತದೆ. ಆದರೆ ಅದೇ ಮನುಷ್ಯ ಆ ಹುಡುಗಿಗೆ ಹಟ ಹಿಡಿದು ಸಂಸ್ಕೃತ ಕಲಿಸಿದರು. ಊರವರು ಗದ್ದಲ ಎಬ್ಬಿಸಿದರು. ಉಡುಪಿಯಲ್ಲಿ ಪಂಡಿತರ ಸಭೆ ಸೇರಿ ಕಾರಣ ಕೇಳಿದಾಗ ಶಾಸ್ತ್ರಿಗಳು ಶಾಸ್ತ್ರಗ್ರಂಥಗಳಿಂದಲೇ ಆಧಾರ ತೆಗೆದು ತೋರಿಸಿ, ಹೆಂಗಸರಿಗೆ ಸಂಸ್ಕೃತ ಕಲಿಸುವುದು ತಪ್ಪಲ್ಲ ಎಂದು ವಾದಿಸಿ ಗೆದ್ದರು.

ವಾದ ಗೆದ್ದರೂ ಊರಿನ ಮಾತು ನಿಲ್ಲಲಿಲ್ಲ. ಗಂಡ ಹೆಂಡತಿ ಊರು ಬಿಟ್ಟು ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಆ ಜಾಗದಲ್ಲಿ ಮೊದಲ ರಾತ್ರಿ ತಲೆಯ ಮೇಲೆ ಸೂರೂ ಇರಲಿಲ್ಲ, ಹುಲಿಯ ಗರ್ಜನೆ ಮಾತ್ರ ಕೇಳುತ್ತಿತ್ತು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಅಕ್ಕ ಕೃಷ್ಣಾ, ಅಣ್ಣ ಶ್ರೀನಿವಾಸ ಆಕೆಗಿಂತ ದೊಡ್ಡವರು. ಬಂದ ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಊಟ ಹಾಕಿ ಹಾಕಿ ಶಾಸ್ತ್ರಿಗಳು ಸಾಲದಲ್ಲಿ ಮುಳುಗಿದ್ದರು. ಮಗು ಆರು ತಿಂಗಳಿನದಾಗಿದ್ದಾಗ ಇಡೀ ಸಂಸಾರ ಆಶ್ರಮ ಬಿಟ್ಟು ಹೊರಟಿತು. ರಮಾ ಬೆತ್ತದ ಬುಟ್ಟಿಯಲ್ಲಿ, ಆಳಿನ ತಲೆಯ ಮೇಲೆ ಕೂತು ಘಟ್ಟ ಇಳಿದಳು. ಆಮೇಲೆ ಆಕೆಗೆ ಸ್ವಂತ ಮನೆ ಎಂಬುದು ಬಹಳ ಕಾಲ ಇರಲಿಲ್ಲ. ಊರೂರಿಗೆ ಹೋಗುವುದು, ದೇವಸ್ಥಾನದಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ ಕಾಸಿನಿಂದ ಬದುಕುವುದು, ಇದೇ ಅವರ ಸಂಸಾರ.

ಪಾಠ ಮಾತ್ರ ನಿಲ್ಲಲಿಲ್ಲ. ತಂದೆಗೆ ವಯಸ್ಸಾಗಿತ್ತು, ಹಾಗಾಗಿ ರಮಾಗೆ ಕಲಿಸಿದವರು ತಾಯಿ ಲಕ್ಷ್ಮೀಬಾಯಿ. ನಸುಕಿನಲ್ಲಿ, ಮನೆಗೆಲಸ ಶುರುವಾಗುವ ಮೊದಲು, ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಕೂರಿಸಿ ಬಾಯಿಪಾಠ ಹೇಳಿಸುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹೀಗೆ ಬಾಯಿಗೆ ಬಂದವು. ತಿರುಗಾಟದಲ್ಲಿ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿಯೂ ಸೇರಿದವು. ಅಕ್ಕ ಕೃಷ್ಣೆಗೆ ಮಾಡಿದ ಬಾಲ್ಯವಿವಾಹ ಕೆಟ್ಟು ಆಕೆ ನೊಂದದ್ದನ್ನು ಕಂಡಿದ್ದ ತಂದೆ, ಚಿಕ್ಕ ಮಗಳಿಗೆ ಬೇಗ ಮದುವೆ ಮಾಡುವುದಿಲ್ಲ ಎಂದು ನಿಶ್ಚಯಿಸಿಬಿಟ್ಟರು. ಆ ಕಾಲದ ಬ್ರಾಹ್ಮಣ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಆಮೇಲೆ ಬರ ಬಂತು. 1874ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ತಂದೆ, ತಾಯಿ ಇಬ್ಬರೂ ಹಸಿವಿನಿಂದ ಸೊರಗಿ ತೀರಿಕೊಂಡರು. ತಾಯಿಯ ಹೆಣ ಹೊರಲು ಜನ ಸಿಗಲಿಲ್ಲ. ಅಣ್ಣನೂ, ಕೊನೆಗೆ ಕನಿಕರಪಟ್ಟು ಬಂದ ಇಬ್ಬರು ಬ್ರಾಹ್ಮಣರೂ ಹೆಗಲು ಕೊಟ್ಟರು. ನಾಲ್ಕನೆಯವಳು ಹದಿನಾರು ವರ್ಷದ ರಮಾ. ಕುಳ್ಳಗಿದ್ದ ಆಕೆಗೆ ಚಟ್ಟ ಹೆಗಲಿಗೆ ಎಟುಕದೆ ತಲೆಯ ಮೇಲೆ ಹೊರಬೇಕಾಯಿತು. ಮುಂದೆ ಅಕ್ಕನೂ ಕಾಲರಾಕ್ಕೆ ಬಲಿಯಾದಳು. ಉಳಿದವರು ಅಣ್ಣ ತಂಗಿ ಇಬ್ಬರೇ. ಅವರು ಕಾಲ್ನಡಿಗೆಯಲ್ಲಿ ಸಾವಿರಾರು ಮೈಲಿ ಅಲೆದರು. ಪಂಜಾಬಿನ ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಎರಡು ಗುಂಡಿ ತೋಡಿ, ಕುತ್ತಿಗೆಯವರೆಗೆ ಮರಳು ಮುಚ್ಚಿಕೊಂಡು ರಾತ್ರಿ ಕಳೆದವರು ಅವರು.

1878ರಲ್ಲಿ ಕಲ್ಕತ್ತೆಗೆ ಬಂದಾಗ ಅದೃಷ್ಟ ತಿರುಗಿತು. ಇಪ್ಪತ್ತರ ತರುಣಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕಂಡ ಅಲ್ಲಿಯ ವಿದ್ವಾಂಸರು ಪರೀಕ್ಷೆ ಮಾಡಿ, ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಬಂಗಾಳದ ಊರೂರುಗಳಿಂದ ಭಾಷಣಕ್ಕೆ ಕರೆ ಬಂತು. ಆದರೆ 1880ರಲ್ಲಿ ಢಾಕಾದಲ್ಲಿ ಅಣ್ಣನೂ ಕಣ್ಣು ಮುಚ್ಚಿದ. ಸಾಯುವಾಗ ಆತನಿಗಿದ್ದ ಒಂದೇ ಚಿಂತೆ ಮದುವೆಯಾಗದ ತಂಗಿಯದು. ಇಪ್ಪತ್ತೆರಡರ ಹೆಣ್ಣು, ಪರಭಾಷೆಯ ನಾಡು, ಹಿಂದೆ ಮುಂದೆ ಯಾರೂ ಇಲ್ಲ.

ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ಮದುವೆಯಾದರು. ಅವರು ಅಣ್ಣನಿಗೂ ಪರಿಚಿತರಾಗಿದ್ದ ಬಂಗಾಳಿ ವಕೀಲರು, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಆಗಿನ ಲೆಕ್ಕದಲ್ಲಿ ಶೂದ್ರರು. ಇವರು ಚಿತ್ಪಾವನ ಬ್ರಾಹ್ಮಣರ ಮಗಳು. ಭಾಷೆ ಬೇರೆ, ಜಾತಿ ಬೇರೆ, ಊಟ ಬೇರೆ. ಯಾವ ಪುರೋಹಿತರೂ ಈ ಮದುವೆ ಮಾಡಿಸುವಂತಿರಲಿಲ್ಲ. 1872ರಲ್ಲಿ ಬಂದಿದ್ದ ಸಿವಿಲ್ ವಿವಾಹ ಕಾಯ್ದೆಯ ಪ್ರಕಾರ ಪಾಟ್ನಾದ ಬಾಂಕೀಪುರದಲ್ಲಿ ರಿಜಿಸ್ಟರ್ ಮದುವೆಯಾದರು. ಆ ಕಾಯ್ದೆಯಡಿ ಮದುವೆಯಾಗುವವರು ತಾವು ಹಿಂದೂವೂ ಅಲ್ಲ, ಮತ್ತಾವ ಧರ್ಮದವರೂ ಅಲ್ಲ ಎಂದು ಘೋಷಿಸಬೇಕಿತ್ತು. ಒಂದು ಸಹಿಯಿಂದ ಇಬ್ಬರೂ ತಮ್ಮ ತಮ್ಮ ಜನದಿಂದ ಹೊರಗಾದರು.

ಅವರು ಸಂಸಾರ ಹೂಡಿದ್ದು ಅಸ್ಸಾಮಿನ ಕಾಚಾರ್ ಜಿಲ್ಲೆಯ ಸಿಲ್ಚರ್‌ನಲ್ಲಿ, ಬರಾಕ್ ನದಿಯ ದಂಡೆಯ ಸಣ್ಣ ಊರಿನಲ್ಲಿ. ರಮಾಬಾಯಿಯವರ ಬದುಕಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಊರಿನ ಹತ್ತೊಂಬತ್ತು ತಿಂಗಳು. ಕಲ್ಕತ್ತೆಯ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದ ಹೆಣ್ಣು, ಎಲ್ಲರಿಗೂ ಎಲ್ಲರೂ ಗೊತ್ತಿರುವ ಒಂದು ಪುಟ್ಟ ಊರಿನಲ್ಲಿ, ಬಂಧುಬಳಗದವರು ದೂರ ಮಾಡಿದ ಮನೆಯಲ್ಲಿ, ಮೊದಲ ಸಲ ಸ್ವಂತ ಒಲೆ ಹಚ್ಚಿದರು. ಹುಟ್ಟಿದ ಆರು ತಿಂಗಳಿಂದ ಅಲೆದವರಿಗೆ ಒಂದು ಬಾಗಿಲು, ಒಂದು ಅಂಗಳ ಸಿಕ್ಕಿತ್ತು. ಬರಿಯ ಹರಿಗೋಲಿನಂಥ ಆ ಸಂಸಾರದಲ್ಲಿ ಅವರು ಸುಖವಾಗಿದ್ದರು. 1881ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಹೆಣ್ಣು ಮಗು ಬೇಕೆಂದು ಕಾದಿದ್ದ ತಾಯಿ, ಆಕೆಗೆ ಮನೋರಮಾ ಎಂದು ಹೆಸರಿಟ್ಟರು. ಗಂಡ ಹೆಂಡತಿ ಸೇರಿ ಬಾಲವಿಧವೆಯರಿಗಾಗಿ ಒಂದು ಶಾಲೆ ತೆರೆಯಬೇಕೆಂದು ಮಾತಾಡಿಕೊಂಡಿದ್ದರು.

ಸುಖವಿತ್ತು ಎಂದರೆ ಎಲ್ಲದರಲ್ಲೂ ಒಮ್ಮತವಿತ್ತು ಎಂದಲ್ಲ. ಗಂಡನ ಪುಸ್ತಕಗಳ ನಡುವೆ ರಮಾಬಾಯಿಗೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತು. ಊರಿನಲ್ಲಿದ್ದ ಮಿಷನರಿಯೊಬ್ಬರು ಬಂದು ಅದರ ಅರ್ಥ ಹೇಳತೊಡಗಿದರು. ರಮಾಬಾಯಿಯ ಮನಸ್ಸು ಅತ್ತ ವಾಲಿತು. ಬಿಪಿನ್ ಬಿಹಾರಿ ಮಿಷನ್ ಶಾಲೆಯಲ್ಲಿ ಓದಿದವರಾದರೂ, ಹೆಂಡತಿ ಎಲ್ಲರೆದುರು ಕ್ರೈಸ್ತಳಾಗುವುದು ಅವರಿಗೆ ಸಹಿಸಲಿಲ್ಲ. ಆ ಮಿಷನರಿಗೆ ಮನೆಗೆ ಬರಬೇಡಿ ಎಂದರು. ಜಾತಿ ಭಾಷೆಗಳ ಗೋಡೆ ದಾಟಿ ಬಂದ ಇಬ್ಬರು, ನಂಬಿಕೆಯ ಹೊಸ್ತಿಲಲ್ಲಿ ತಡೆದು ನಿಂತರು. ಗಂಡ ಬದುಕಿದ್ದರೆ ಮುಂದೇನಾಗುತ್ತಿತ್ತೋ ತನಗೆ ತಿಳಿಯದು ಎಂದು ರಮಾಬಾಯಿಯೇ ಎಷ್ಟೋ ವರ್ಷದ ಮೇಲೆ ಬರೆದರು. ಪ್ರೀತಿಸಿ ಕೈಹಿಡಿದವನ ವಿಷಯದಲ್ಲೂ ಇಷ್ಟು ಪ್ರಾಮಾಣಿಕವಾಗಿ ಬರೆದರಲ್ಲ ಎಂದು ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

1882ರ ಫೆಬ್ರುವರಿಯಲ್ಲಿ ಕಾಲರಾ ಬಿಪಿನ್ ಬಿಹಾರಿಯವರನ್ನು ಕೊಂಡೊಯ್ದಿತು. ರಮಾಬಾಯಿಗೆ ಇಪ್ಪತ್ತಮೂರು, ಕೈಯಲ್ಲಿ ಹತ್ತು ತಿಂಗಳ ಕೂಸು. ಅಂದಿನ ವಿಧವೆಗೆ ಇದ್ದ ದಾರಿ ತಲೆ ಬೋಳಿಸಿಕೊಂಡು ಯಾರದೋ ಮನೆಯ ಅಡುಗೆಮನೆ ಮೂಲೆ ಸೇರುವುದು. ಇವರಿಗೆ ಆ ಮೂಲೆಯೂ ಇರಲಿಲ್ಲ. ಮಗುವನ್ನೆತ್ತಿಕೊಂಡು ಪುಣೆಗೆ ಬಂದರು.

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ನ್ಯಾಯಮೂರ್ತಿ ರಾನಡೆಯವರ ಪತ್ನಿ ರಮಾಬಾಯಿ ರಾನಡೆ ಆ ಸಭೆಗಳಿಗೆ ಹೋಗಿ, ಮನೆಯ ಹಿರಿಯ ಹೆಂಗಸರಿಂದ ಬೈಸಿಕೊಳ್ಳಬೇಕಾಯಿತು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕು ಎಂದು ಸಾಕ್ಷ್ಯ ಹೇಳಿದರು. ಸ್ತ್ರೀಧರ್ಮನೀತಿ ಎಂಬ ಪುಸ್ತಕ ಬರೆದು, ಅದರ ಹಣದಲ್ಲಿ 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ಡಾಕ್ಟರಾಗುವ ಆಸೆಯಿತ್ತು, ಕಿವಿ ಮಂದವಾಗಿದ್ದರಿಂದ ಕೈಗೂಡಲಿಲ್ಲ. ಅಲ್ಲೇ ವಾಂಟೇಜ್‌ನಲ್ಲಿ ತಾಯಿ ಮಗಳಿಬ್ಬರೂ ಕ್ರೈಸ್ತರಾದರು.

1886ರಲ್ಲಿ ದೂರದ ಬಂಧು ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ಅಮೆರಿಕಕ್ಕೆ ಹೋದರು. ಕೆಲವು ದಿನಕ್ಕೆಂದು ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಊರೂರು ತಿರುಗಿ, ಸಿಲ್ಚರ್‌ನಲ್ಲಿ ಗಂಡನೊಡನೆ ಕಂಡ ಕನಸಿಗೆ ಹಣ ಕೂಡಿಸಿದರು. ಆ ಹೊತ್ತಿಗೆ ಐದು ವರ್ಷದ ಮನೋರಮೆಯನ್ನು ಇಂಗ್ಲೆಂಡಿನ ಸಿಸ್ಟರ್‌ಗಳ ಬಳಿಗೆ ಕಳಿಸಬೇಕಾಯಿತು. ಪರರ ಮಕ್ಕಳಿಗೆ ಮನೆ ಕಟ್ಟಲು ಹೊರಟ ತಾಯಿ ತನ್ನ ಮಗುವನ್ನು ದೂರವಿಟ್ಟದ್ದನ್ನು ಓದುವಾಗ, ಕೆಲಸಕ್ಕೆಂದು ಮಕ್ಕಳನ್ನು ಬಿಟ್ಟು ಹೊರಡುವ ನಮ್ಮ ಹೆಣ್ಣುಮಕ್ಕಳ ಮುಖಗಳು ನನ್ನ ಕಣ್ಣಮುಂದೆ ಬರುತ್ತವೆ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು, ಮರುವರ್ಷ ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು ಬಾಲವಿಧವೆ ಗೋದೂಬಾಯಿ. 1893ರಲ್ಲಿ ಅವರು ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾದರು. ಸದನದಲ್ಲಿ ಹುಡುಗಿಯರು ತಮ್ಮ ತಮ್ಮ ಮಡಿ ಆಚಾರ ಪಾಲಿಸಿಕೊಳ್ಳಬಹುದಿತ್ತು. ಆದರೆ ರಮಾಬಾಯಿ ಪ್ರಾರ್ಥಿಸುವಾಗ ತಮ್ಮ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ, ಕೆಲವು ಹುಡುಗಿಯರು ಹೋಗಿ ಕೂರುತ್ತಿದ್ದರು. ಮತಾಂತರದ ಕೂಗೆದ್ದಿತು. ರಾನಡೆ, ಭಂಡಾರ್ಕರ್ ಅವರಂಥವರೇ ಸಲಹಾ ಮಂಡಳಿಯಿಂದ ಹೊರಬಂದರು. ಎಷ್ಟೋ ಪೋಷಕರು ಹುಡುಗಿಯರನ್ನು ಕರೆದುಕೊಂಡು ಹೋದರು. ಈ ವಿಷಯದಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ. ಹೆಣ್ಣುಮಕ್ಕಳನ್ನು ನಂಬಿ ಕಳಿಸಿದವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಹಾಗೆ ಮನೆಗೆ ಮರಳಿದ ಹುಡುಗಿಯರಿಗೆ ಅಲ್ಲಿ ಕಾದಿದ್ದುದೇನು ಎಂಬ ಪ್ರಶ್ನೆಯೂ ನನ್ನನ್ನು ಬಿಡುವುದಿಲ್ಲ.

1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದಾಗ, ಹಸಿವಿನಿಂದ ಹೆತ್ತವರನ್ನು ಕಳೆದುಕೊಂಡಿದ್ದ ರಮಾಬಾಯಿ ಸುಮ್ಮನಿರಲಿಲ್ಲ. ಅಲ್ಲಿಗೇ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟುಪಾಡಿನಿಂದ ಅವರನ್ನು ಇರಿಸಿಕೊಳ್ಳಲಾಗದೆ, ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಕೇಡಗಾಂವದ ಹೊಲಕ್ಕೆ ಒಯ್ದರು. ಅದೇ ಮುಕ್ತಿ ಸದನವಾಯಿತು. 1900ರ ಗುಜರಾತಿನ ಬರದ ನಂತರ ಅಲ್ಲಿ ಸುಮಾರು 2000 ಹೆಂಗಸರು ಮಕ್ಕಳಿದ್ದರು. ಬಾವಿ ತೋಡಿ, ಬೆಳೆ ಬೆಳೆದು, ಹಸು ಸಾಕಿ, ಮಗ್ಗ ನೇಯ್ದು, ಅಚ್ಚುಕೂಟ ನಡೆಸಿ ಅವರೇ ಅವರ ಅನ್ನ ಸಂಪಾದಿಸಿದರು. ಕುರುಡರಿಗೂ ಶಾಲೆಯಿತ್ತು. ಬೆಂಗಳೂರಿನಿಂದ ಮುಂಬಯಿಗೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ದೌಂಡ್ ದಾಟಿದ ಮೇಲೆ ಕೇಡಗಾಂವದ ಫಲಕ ಕಣ್ಣಿಗೆ ಬೀಳುತ್ತದೆ. ಬಹುಪಾಲು ನಾವು ಆಗ ಪುಣೆ ಬಂತೆಂದು ಬ್ಯಾಗು ಸರಿಮಾಡುತ್ತಿರುತ್ತೇವೆ.

ಅದೇ ರೈಲುದಾರಿಯ ಗುಲ್ಬರ್ಗಕ್ಕೂ ಅವರ ನಂಟಿದೆ. 1912ರ ಸುಮಾರಿಗೆ ಅಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದರು, ಅದನ್ನು ನೋಡಿಕೊಂಡವರು ಮನೋರಮಾ. ಎಳವೆಯಲ್ಲಿ ತಾಯಿಯಿಂದ ದೂರ ಬೆಳೆದ ಮಗಳು, ದೊಡ್ಡವಳಾಗಿ ತಾಯಿಯ ಬಲಗೈಯಾದಳು. ಮದುವೆಯಾಗದೆ ಇಡೀ ಬದುಕನ್ನು ಮುಕ್ತಿ ಸದನಕ್ಕೆ ಕೊಟ್ಟಳು. ತನ್ನ ನಂತರ ಎಲ್ಲವನ್ನೂ ಆಕೆಯೇ ನಡೆಸುತ್ತಾಳೆ ಎಂಬುದು ತಾಯಿಯ ನಂಬಿಕೆ.

1921ರ ಜುಲೈಯಲ್ಲಿ, ನಲವತ್ತು ವರ್ಷದ ಮನೋರಮಾ ತಾಯಿಗಿಂತ ಮೊದಲೇ ಹೋದಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರ ಸಾವನ್ನೂ ಕಂಡಿದ್ದ ರಮಾಬಾಯಿ ಇದನ್ನೂ ಕಂಡರು. ಆಗ ಅವರು ಹಲವು ವರ್ಷಗಳಿಂದ ಹಿಡಿದಿದ್ದ ಬೈಬಲ್ಲಿನ ಮರಾಠಿ ಅನುವಾದದ ಕೊನೆಯ ಹಂತದಲ್ಲಿದ್ದರು. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬರೆಯುತ್ತಿದ್ದರು. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ತೀರಿಕೊಂಡರು. ಮಗಳು ಹೋಗಿ ಒಂಬತ್ತು ತಿಂಗಳೂ ತುಂಬಿರಲಿಲ್ಲ.

ತವರೂರು ಬಿಟ್ಟು ಬಂದ ನಾವು ಮನೆ ಎಂಬ ಮಾತನ್ನು ಆಗಾಗ ಆಡುತ್ತೇವೆ. ಊರಿನ ಮನೆ, ಗಂಡನ ಮನೆ, ಬಾಡಿಗೆ ಮನೆ. ರಮಾಬಾಯಿಗೆ ತಮ್ಮದೇ ಎನ್ನುವ ಸಂಸಾರ ದಕ್ಕಿದ್ದು ಸಿಲ್ಚರ್‌ನಲ್ಲಿ ಹತ್ತೊಂಬತ್ತು ತಿಂಗಳು ಮಾತ್ರ. ಅಲ್ಲಿ ಗಂಡನೂ ತಾವೂ ಆಡಿಕೊಂಡಿದ್ದ ಒಂದು ಮಾತನ್ನು ಅವರು ನಲವತ್ತು ವರ್ಷ ನಡೆಸಿಕೊಟ್ಟರು. ಅವರು ಕಟ್ಟಿದ ಕೇಡಗಾಂವದ ಮನೆ ನೂರು ವರ್ಷದ ಮೇಲೂ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿಟ್ಟುಕೊಂಡೇ ಇದೆ.