ಋಣವೆಂಬ ನೆಲೆ: ಶಿವರಾಮ ಕಾರಂತರ ಬದುಕು ಮತ್ತು ನಂಬಿಕೆಯ ಪ್ರಶ್ನೆ

ದೇವರಲ್ಲಿ ನಂಬಿಕೆಯಿಡದವನಿಗೆ ಒಳಿತು ಕೆಡುಕುಗಳ ವಿವೇಕ ಎಲ್ಲಿಂದ ಒದಗುತ್ತದೆ? ಈ ಪ್ರಶ್ನೆಗೆ ಆಧುನಿಕ ಕನ್ನಡದಲ್ಲಿ ಬರಹದಿಂದಲೂ ಬದುಕಿನಿಂದಲೂ ಉತ್ತರ ಹುಡುಕಿದವರಲ್ಲಿ ಕೋಟ ಶಿವರಾಮ ಕಾರಂತರು ಪ್ರಮುಖರು. ಅವರನ್ನು ನಾಸ್ತಿಕರೆಂದು ಕರೆದು ಮುಗಿಸುವುದು ರೂಢಿ. ಆದರೆ ನಂಬಿಕೆಯನ್ನು ಬಿಟ್ಟ ಮೇಲೆ ಅವರು ಯಾವುದನ್ನು ಹಿಡಿದರೆಂಬುದೇ ಹೆಚ್ಚು ಮುಖ್ಯವಾದ ವಿಚಾರ.

ಕಾರಂತರು 1902ರ ಅಕ್ಟೋಬರ್ 10ರಂದು ದಕ್ಷಿಣ ಕನ್ನಡದ ಕೋಟದಲ್ಲಿ ಸಂಪ್ರದಾಯಸ್ಥ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಪ್ರಭಾವದಿಂದ ಕಾಲೇಜನ್ನು ತೊರೆದು ಖಾದಿ ಪ್ರಚಾರ, ಸಮಾಜ ಸುಧಾರಣೆಗಳಲ್ಲಿ ತೊಡಗಿದರು. ಆ ತಾರುಣ್ಯದಲ್ಲಿ ಬ್ರಹ್ಮಚರ್ಯದ ಆದರ್ಶವೂ ಅವರನ್ನು ಸೆಳೆದಿತ್ತು. ಆದರೆ ಅನುಭವದ ಒರೆಗೆ ನಿಲ್ಲದ ಆದರ್ಶವನ್ನು ಕೈಬಿಡುವುದು ಅವರ ಸ್ವಭಾವವಾಗಿತ್ತು. 1936ರಲ್ಲಿ ಬಂಟ ಸಮುದಾಯದ ಲೀಲಾ ಅವರನ್ನು ವಿವಾಹವಾದರು. ಜಾತಿಯ ಕಟ್ಟನ್ನು ಮೀರಿದ ಈ ವಿವಾಹವು ಅವರ ವಿಚಾರಕ್ಕೂ ಆಚಾರಕ್ಕೂ ನಡುವೆ ಅಂತರವಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಸ್ವಂತ ನಂಬಿಕೆ ಸಡಿಲಗೊಂಡರೂ ಅನ್ಯರ ನಂಬಿಕೆಯನ್ನು ಅವರು ಹಗುರವಾಗಿ ಕಾಣಲಿಲ್ಲ. 1933ರ 'ಚೋಮನ ದುಡಿ'ಯಲ್ಲಿ ಬೇಸಾಯದ ಭೂಮಿಗಾಗಿ ಮತಾಂತರಕ್ಕೆ ಹೊರಟ ಚೋಮನು ಪಂಜುರ್ಲಿಯ ಭಯಭಕ್ತಿಗೆ ಸಿಲುಕಿ ಹಿಂದಿರುಗುತ್ತಾನೆ. ಅದೇ ಕೃತಿಯಲ್ಲಿ ಅವನ ಮಗ ನೀರಿನಲ್ಲಿ ಮುಳುಗುವಾಗ ಮೈಲಿಗೆಯ ಭಾವನೆ ರಕ್ಷಣೆಗೆ ಅಡ್ಡ ನಿಲ್ಲುತ್ತದೆ. ಚೋಮನ ಭಕ್ತಿಯನ್ನು ಲೇಖಕರು ಗೇಲಿ ಮಾಡುವುದಿಲ್ಲ. ಧರ್ಮದ ಹೆಸರಿನ ನಿರ್ದಯೆಯನ್ನು ಮಾತ್ರ ಕ್ಷಮಿಸುವುದಿಲ್ಲ. ದೇವದಾನವರ ಕಥೆಗಳೇ ತುಂಬಿರುವ ಯಕ್ಷಗಾನಕ್ಕಾಗಿ ಅವರು ದಶಕಗಟ್ಟಲೆ ದುಡಿದುದನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಪುರಾಣವು ಅವರಿಗೆ ಪೂಜೆಯ ವಸ್ತುವಲ್ಲ, ಮನುಷ್ಯನ ಕಲ್ಪನಾಶಕ್ತಿಯ ಸಾಧನೆ.

1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಈ ಚಿಂತನೆ ಪಕ್ವಗೊಂಡಿದೆ. ಬಾಲವಿಧವೆಯಾದ ವೃದ್ಧೆಯೊಬ್ಬಳು ಮೊಮ್ಮಗ ಸುಬ್ಬರಾಯನೊಡನೆ ಮಾತನಾಡುತ್ತ, ಕಾಲಕಾಲಕ್ಕೆ ಮನುಷ್ಯನು ದೇವರುಗಳನ್ನು ರೂಪಿಸಿಕೊಂಡ ಬಗೆಯನ್ನು ಕಾಣುತ್ತಾಳೆ. ಆದರೂ ಅವಳಲ್ಲಿ ಬದುಕಿನ ಬಗೆಗೆ ತಿರಸ್ಕಾರವಿಲ್ಲ. ಸಮಾಜ ದೂರವಿಟ್ಟ ಹೆಣ್ಣಿನ ಬಗೆಗೆ ಕರುಣೆಯಿದೆ. ಈ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು.

ಕಾರಂತರ ನೈತಿಕ ನೆಲೆಯನ್ನು 'ಋಣ' ಎಂಬ ಒಂದೇ ಪದದಿಂದ ಸೂಚಿಸಬಹುದು. ದೇವಋಣ, ಋಷಿಋಣ, ಪಿತೃಋಣಗಳೆಂಬ ಪರಂಪರೆಯ ಕಲ್ಪನೆಯಿಂದ ದೈವವನ್ನು ತೆಗೆದ ಮೇಲೂ ಸಾಲ ಉಳಿಯುತ್ತದೆ. ಅನ್ನ, ಭಾಷೆ, ಜ್ಞಾನಗಳೆಲ್ಲ ಹಿಂದಿನವರಿಂದಲೂ ನಿಸರ್ಗದಿಂದಲೂ ಬಂದವು. ಅವನ್ನು ಮುಂದಿನವರಿಗೆ ಸಲ್ಲಿಸಬೇಕು. ಪುತ್ತೂರಿನ ಬಾಲವನದ ಪ್ರಯೋಗಗಳನ್ನೂ, ಒಬ್ಬರೇ ರಚಿಸಿದ 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ' ಸಂಪುಟಗಳನ್ನೂ ಈ ಸಾಲದ ಮರುಪಾವತಿಯೆಂದೇ ತಿಳಿಯಬಹುದು.

ಈ ನಿಲುವಿಗೆ ಕಠಿಣ ಪರೀಕ್ಷೆಗಳೂ ಎದುರಾದವು. ಪ್ರಾಯಕ್ಕೆ ಬಂದ ಮಗ ಹರ್ಷನ ಮರಣವು ಪರಲೋಕದ ಸಾಂತ್ವನವಿಲ್ಲದ ತಂದೆಯನ್ನು ತೀವ್ರವಾಗಿ ನೋಯಿಸಿತು. ಆದರೆ ಕೆಲಸ ನಿಲ್ಲಲಿಲ್ಲ. 1975ರಲ್ಲಿ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಲೋಕಸಭಾ ಚುನಾವಣೆಗೆ ನಿಂತು ಸೋತರು. ಪುಣ್ಯದ ನಿರೀಕ್ಷೆಯಾಗಲಿ ಗೆಲುವಿನ ಭರವಸೆಯಾಗಲಿ ಇಲ್ಲದ ಈ ಕಾರ್ಯವನ್ನು ಋಣಪ್ರಜ್ಞೆಯಿಂದಲ್ಲದೆ ವಿವರಿಸುವುದು ಕಷ್ಟ.

ಋಣವಿದೆಯೆಂದು ಒಪ್ಪದವನಿಗೆ ಈ ನೀತಿ ಏನು ಹೇಳುತ್ತದೆ ಎಂಬ ಆಕ್ಷೇಪಕ್ಕೆ ಎಡೆಯಿದೆ. ಅದಕ್ಕೆ ಕಾರಂತರು ಸಿದ್ಧಾಂತವೊಂದನ್ನು ಕಟ್ಟಿಕೊಡಲಿಲ್ಲ. ಆದರೆ ನಂಬದವನಿಗೂ ಇಂಥದೇ ತೊಡಕುಂಟೆಂದ ಮೇಲೆ ದೈವಾಜ್ಞೆಯನ್ನು ಆಧರಿಸಿದ ನೀತಿಯೂ ಅದರಿಂದ ಹೊರತಲ್ಲ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕೊನೆಗೊಂಡ ಅವರ ದೀರ್ಘ ಜೀವನವು ತೋರಿಸಿಕೊಟ್ಟುದು ಇಷ್ಟು: ನಂಬಿಕೆ ಕಳೆದಾಗ ಹೊಣೆ ಕಡಿಮೆಯಾಗಬೇಕಿಲ್ಲ, ಹೆಚ್ಚಲೂಬಹುದು.